ಪ್ರಬಂಧದ ಹೆಡರ್: ಮೊದಲು ಸೆಕ್ಷನ್ ಒಡೆಯಿರಿ, ಆಮೇಲೆ ಟೈಪ್ ಮಾಡಿ

ಮುಖಪುಟದ ನೆತ್ತಿಯ ಮೇಲೆ, ಅಂದರೆ ಹೆಡರ್‌ನಲ್ಲಿ, ಪುಟಸಂಖ್ಯೆ 1. ಅರ್ಪಣೆ, ಪರಿವಿಡಿ ದಾಟಿ ಮೊದಲ ಅಧ್ಯಾಯಕ್ಕೆ ಬಂದರೆ 9. ಅದನ್ನು ಅಳಿಸಿದರೆ ಇಡೀ ಫೈಲಿನದ್ದೇ ಅಳಿಸಿಹೋಗುತ್ತದೆ. ಬೆಳಗಾವಿಯಿರಲಿ, ವಿಜಯಪುರವಿರಲಿ, ಪ್ರಬಂಧ ಸಲ್ಲಿಸುವ ಹೊತ್ತಿಗೆ ವಿದ್ಯಾರ್ಥಿಗಳನ್ನು ಜಾಸ್ತಿ ಕಾಡುವುದು ಇದೇ. ಎಂಎಸ್ ವರ್ಡ್‌ನ ಲೆಕ್ಕದಲ್ಲಿ ಇಡೀ ಫೈಲು ಒಂದೇ ಸೆಕ್ಷನ್ (ಒಂದೇ ಹೆಡರ್ ಹಂಚಿಕೊಳ್ಳುವ ಭಾಗ) ಆಗಿರುವುದೇ ಇದಕ್ಕೆ ಕಾರಣ.

ಮೊದಲು ನಿಮ್ಮ ವಿಭಾಗದ ಮಾರ್ಗಸೂಚಿ ಕೇಳಿ ಪಡೆಯಿರಿ. ಅದು ಹೇಳಿದ್ದೇ ಅಂತಿಮ. ‘ಎಪಿಎ ಪ್ರಕಾರ’ ಅಂತಷ್ಟೇ ಇದ್ದರೆ, ಎಪಿಎ ಎಂಬ ಆ ಬರವಣಿಗೆ ಶೈಲಿಯ ಕೈಪಿಡಿಯ ಏಳನೇ ಆವೃತ್ತಿಯಂತೆ ವಿದ್ಯಾರ್ಥಿಗಳಿಗೆ ಬಲಮೂಲೆಯ ಪುಟಸಂಖ್ಯೆ ಸಾಕು. ಜರ್ನಲ್‌ಗೆ ಕಳಿಸುವ ಲೇಖನಕ್ಕೆ ಎಡಗಡೆ ಚಿಕ್ಕ ಶೀರ್ಷಿಕೆಯೂ ಬೇಕು. ಖಾಲಿ ಜಾಗ ಸೇರಿ 50 ಅಕ್ಷರ ದಾಟಬಾರದು. ‘ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆ ನೇಕಾರರ ಆರ್ಥಿಕ ಸ್ಥಿತಿಗತಿ: ಒಂದು ಅಧ್ಯಯನ’ ಎಂಬುದನ್ನು ‘ಇಳಕಲ್ ನೇಕಾರರ ಸ್ಥಿತಿಗತಿ’ ಎಂದು ಇಳಿಸಿ. ಎಂಎಲ್‌ಎ ಎಂಬ ಇನ್ನೊಂದು ಶೈಲಿ ಕೇಳುವುದು ಬರೆದವರ ಅಡ್ಡಹೆಸರು (ಸರ್‌ನೇಮ್), ಪಕ್ಕದಲ್ಲಿ ಪುಟಸಂಖ್ಯೆ. ಬಲಕ್ಕೆ, ಹಾಳೆಯ ಮೇಲಂಚಿನಿಂದ ಅರ್ಧ ಇಂಚು ಕೆಳಗೆ.

ಈಗ ಫೈಲು ತೆರೆದು, ಮೊದಲ ಅಧ್ಯಾಯದ ಹೆಸರಿನ ಮೊದಲ ಅಕ್ಷರದ ಎಡಕ್ಕೆ ಕರ್ಸರ್ ಇಡಿ. ಲೇಔಟ್‌ಗೆ ಹೋಗಿ, ಬ್ರೇಕ್ಸ್‌ನಲ್ಲಿ ಕೆಳಗಿರುವ ‘ನೆಕ್ಸ್ಟ್ ಪೇಜ್’ ಒತ್ತಿ. ಎಂಟರ್ ಒತ್ತುತ್ತಾ ಮುಂದಿನ ಪುಟಕ್ಕೆ ತಳ್ಳಿದರೆ ಸೆಕ್ಷನ್ ಒಡೆಯುವುದಿಲ್ಲ.

ಅದೇ ಪುಟದ ಮೇಲ್ಭಾಗದಲ್ಲಿ ಡಬಲ್ ಕ್ಲಿಕ್ ಮಾಡಿ. ಬಲತುದಿಯಲ್ಲಿ ‘ಸೇಮ್ ಆಸ್ ಪ್ರೀವಿಯಸ್’ ಅಂತ ಕಾಣುತ್ತದೆ, ಅಲ್ವಾ? ಮೇಲಿನ ಪಟ್ಟಿಯಲ್ಲಿ ‘ಲಿಂಕ್ ಟು ಪ್ರೀವಿಯಸ್’ ಆಫ್ ಮಾಡಿ. ಆ ಮಾತು ಮಾಯವಾಗುವ ತನಕ ಹೆಡರ್‌ನಲ್ಲಿ ಒಂದಕ್ಷರವನ್ನೂ ಮುಟ್ಟಬೇಡಿ. ಮುಟ್ಟಿದರೆ ಇಲ್ಲಿ ಬರೆದದ್ದೆಲ್ಲ ಹಿಂದಿನ ಪುಟಗಳಿಗೂ ಹೋಗುತ್ತದೆ. ಪುಟದ ಕೆಳಭಾಗದ ಫುಟರ್‌ನ ಲಿಂಕ್ ಬೇರೆಯೇ ಇರುತ್ತದೆ, ಅದನ್ನೂ ಬಿಡಿಸಿ.

ಮುಂದಿನದು ಸಲೀಸು. ‘ಫಾರ್ಮ್ಯಾಟ್ ಪೇಜ್ ನಂಬರ್ಸ್’ನಲ್ಲಿ ‘ಸ್ಟಾರ್ಟ್ ಅಟ್ 1’ ಕೊಡಿ. ಹಿಂದಿನ ಸೆಕ್ಷನ್‌ಗೆ ಹೋಗಿ ರೋಮನ್ ಅಂಕಿ ಆರಿಸಿ. ಅಲ್ಲೇ ‘ಡಿಫರೆಂಟ್ ಫಸ್ಟ್ ಪೇಜ್’ ಗುರುತು ಹಾಕಿದರೆ ಮುಖಪುಟ ಖಾಲಿಯಾಗುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಮಾತು. ಹೆಡರ್‌ಗೆ ತನ್ನದೇ ಸ್ಟೈಲ್ (ಫಾಂಟ್, ಗಾತ್ರದ ಹೊಂದಿಕೆ) ಇದೆ. ಪ್ರಬಂಧ ಹಳೆಯ ನುಡಿ ಫಾಂಟಿನಲ್ಲಿದ್ದು ಹೆಡರ್ ಇಂಗ್ಲಿಷ್ ಫಾಂಟಿನಲ್ಲೇ ಉಳಿದರೆ, ಶೀರ್ಷಿಕೆಯ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮೂಡುತ್ತವೆ. ಯೂನಿಕೋಡ್‌ನಲ್ಲಿ ಬರೆದರೆ ಈ ತಾಪತ್ರಯ ಇಲ್ಲ, ಹಾಗಾಗಿ ಹೊಸದಾಗಿ ಶುರು ಮಾಡುವವರು ಅದರಲ್ಲೇ ಬರೆಯಿರಿ. ಬೈಂಡಿಂಗ್ ಅಂಗಡಿಗೆ ವರ್ಡ್ ಫೈಲು ಕೊಡಬೇಡಿ, ಅಲ್ಲಿನ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಪುಟಗಳೇ ಹಿಂದುಮುಂದಾಗುತ್ತವೆ. ಪಿಡಿಎಫ್ ಮಾಡಿ, ಪ್ರತಿ ಅಧ್ಯಾಯದ ಮೊದಲ ಪುಟದ ಹೆಡರ್ ನೋಡಿಕೊಂಡೇ ಕೊಡಿ.