ರಬ್ಬರ್ ಬೇಡ, ಮೊದಲು ಭಾರ ನೋಡಿ

ದಾವಣಗೆರೆಯ ದೃಶ್ಯಕಲಾ ಕಾಲೇಜಿನಲ್ಲಿ ಓದಿ, ಇದೇ ಊರಿನ ಹೈಸ್ಕೂಲಿಗೆ ಡ್ರಾಯಿಂಗ್ ಮೇಷ್ಟ್ರಾಗಿ ಸೇರಿದವನು ನಾನು. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡೋದೇ ಹೆಚ್ಚಿನ ಕೆಲಸ. ಹೂಜಿ, ಹಣ್ಣು, ನೀಟಾದ ಶೇಡಿಂಗ್. ಸಂಜೆ ಮಾತ್ರ ಅನಿಮೇಷನ್ ಕಲಿಯಬೇಕು ಅಂತ ಆಸೆ ಇರುವ ಹುಡುಗ ಹುಡುಗಿಯರು ಮನೆಗೆ ಬರುತ್ತಾರೆ. ಅವರ ಕೈಯಿಂದ ನಾನು ಮೊದಲು ತೆಗೆದಿಡೋದು ರಬ್ಬರ್.

ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದರೆ ಒಂದಾದ ಮೇಲೊಂದು ಬರುವ ಬಿಡಿ ಚಿತ್ರ. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮಿಗೆ ಹಿಡಿದರೂ 12 ಚಿತ್ರ ಬೇಕು ಅಲ್ವಾ? ಒಂದೇ ಗೆರೆಯನ್ನು ತಿದ್ದಿ ತಿದ್ದಿ ಅಂದ ಮಾಡುತ್ತಾ ಕೂತರೆ ಆಗಲ್ಲ. ಅಂದಕ್ಕಿಂತ ಮೊದಲು ಮೈಯ ಭಾರ ಕಾಣಬೇಕು.

ಅದಕ್ಕೇ ಎಪಿಎಂಸಿ ಯಾರ್ಡಿಗೆ ಕರೆದುಕೊಂಡು ಹೋಗುತ್ತೇನೆ. ಹಮಾಲಣ್ಣನ ಬೆನ್ನ ಮೇಲೆ ಮೆಕ್ಕೆಜೋಳದ ಚೀಲ ಬಿದ್ದ ಕ್ಷಣ ಮಂಡಿ ಸ್ವಲ್ಪ ಕುಸಿಯುತ್ತೆ, ಕತ್ತು ಮುಂದಕ್ಕೆ ಬರುತ್ತೆ, ಆಮೇಲೆ ಇಡುವ ಹೆಜ್ಜೆ ಎಲ್ಲಾ ಚಿಕ್ಕದು, ಪಾದ ನೆಲ ಬಿಟ್ಟು ಜಾಸ್ತಿ ಮೇಲೇಳೋದೇ ಇಲ್ಲ. ಅರ್ಧ ನಿಮಿಷದಲ್ಲಿ ಬರೆಯಬೇಕು. ಮೊದಲು ಕತ್ತಿನಿಂದ ಹಿಮ್ಮಡಿವರೆಗೆ ಒಂದೇ ಬಾಗಿದ ಗೆರೆ, ಕೈಕಾಲು ಆಮೇಲೆ. ಮುಖ ಬೇಡವೇ ಬೇಡ.

ಮನೆಗೆ ಬಂದ ಮೇಲೆ ಅದೇ ಮನುಷ್ಯನನ್ನು ಚೀಲ ಇಲ್ಲದೆ ಬರೆಸುತ್ತೇನೆ. ಪಕ್ಕದವರು ನೋಡಿ, ಇವನು ಏನೋ ಹೊತ್ತಿದ್ದಾನೆ ಅಂತ ಹೇಳಿದರೆ ಆ ಚಿತ್ರ ಗೆದ್ದ ಹಾಗೆ. ಈ ಒಂದು ಅಭ್ಯಾಸ ಕಲಿಸಿದಷ್ಟು ಬೇರೆ ಯಾವುದೂ ಕಲಿಸಿಲ್ಲ.

ನಡಿಗೆಗೆ ಮುಖ್ಯವಾದ ಭಂಗಿ ನಾಲ್ಕು. ಹಿಮ್ಮಡಿ ನೆಲಕ್ಕೆ ತಾಗೋದು, ಮೈ ತಗ್ಗೋದು, ಒಂದು ಕಾಲು ಇನ್ನೊಂದನ್ನು ದಾಟೋದು, ಮೈ ಮೇಲೇಳೋದು. ಭಾರ ಇದ್ದವನು ತಗ್ಗಿದಲ್ಲಿ ಜಾಸ್ತಿ ಹೊತ್ತು ಇರುತ್ತಾನೆ, ಹಾಗಾಗಿ ಅಲ್ಲಿ ಚಿತ್ರಗಳು ಹತ್ತಿರ ಹತ್ತಿರ ಬೀಳಬೇಕು. ಗಾಜಿನ ಕೆಳಗೆ ಎಲ್‌ಇಡಿ ಬಲ್ಬ್ ಇಟ್ಟರೆ ಲೈಟ್ ಬಾಕ್ಸ್ ರೆಡಿ. ಕೆಳಗಿನ ಚಿತ್ರ ಮೇಲಿನ ಹಾಳೆಯಲ್ಲಿ ಕಾಣುತ್ತೆ. ಹಾಗೆ ಹಾಳೆ ಮೇಲೆ ಹಾಳೆ ಇಟ್ಟು ಬರೆಯೋದು, ಬೆರಳಲ್ಲಿ ತಿರುವಿ ನೋಡೋದು. ಚಿತ್ರದುರ್ಗದ ಕೋಟೆಗೆ ಹೋದಾಗ ಕೋತಿ ಹಾರೋದನ್ನೂ ಹೀಗೇ ಬರೆಸಿದ್ದೆ: ಮೈ ಬಂಡೆ ಮೇಲೆ ನಿಂತ ಮೇಲೂ ಬಾಲ ಇನ್ನೂ ಬರ್ತಾ ಇರುತ್ತೆ.

'ಸಾಫ್ಟ್‌ವೇರ್ ಯಾವಾಗ ಶುರು ಮಾಡ್ತೀರಿ ಸರ್?' ಅಂತ ಅಪ್ಪ ಅಮ್ಮಂದಿರು ಕೇಳುತ್ತಾರೆ. ಕ್ರಿಟಾ, ಬ್ಲೆಂಡರ್ ಅನ್ನೋ ಸಾಫ್ಟ್‌ವೇರ್ ಎರಡೂ ಉಚಿತ, ಹುಡುಗರು ಬೇಗ ಹಿಡಿದುಬಿಡುತ್ತಾರೆ. ಆದರೆ ಭಾರ ಎಲ್ಲಿ ಬೀಳುತ್ತೆ ಅನ್ನೋದನ್ನು ನೋಡುವ ಕಣ್ಣು ಕಂಪ್ಯೂಟರ್ ಕೊಡಲ್ಲ. ಕಾಲೇಜಿಗೆ ಪೋರ್ಟ್‌ಫೋಲಿಯೊ, ಅಂದರೆ ತಾವು ಬರೆದ ಚಿತ್ರಗಳ ಕಟ್ಟು, ಕಳಿಸುವಾಗಲೂ ಬರೀ ಬಣ್ಣ ತುಂಬಿದ ಚಿತ್ರ ಇಡಬೇಡಿ ಅಂತ ಹೇಳುತ್ತೇನೆ. ಯಾರ್ಡಿನಲ್ಲಿ ಬರೆದ, ಧೂಳು ಹತ್ತಿದ ಆ ಒರಟು ಹಾಳೆಗಳೂ ಅದರಲ್ಲಿ ಇರಲಿ.