'ಬದುಕೋಕೇ ಮನಸ್ಸಿಲ್ಲ' ಅಂದೋರಿಗೆ 'ಪಾಸಿಟಿವ್ ಆಗಿರು' ಅನ್ನೋ ಬದ್ಲು ಏನ್ ಮಾಡ್ಬೇಕು

ಹತ್ತಿರದೋರು ಯಾರಾದ್ರೂ 'ಸಾಕಾಗ್ಹೋಗಿದೆ, ಬದುಕೋಕೇ ಮನಸ್ಸಿಲ್ಲ' ಅಂದಾಗ ನಮ್ ಬಾಯಿಗೆ ಮೊದ್ಲು ಬರೋದು 'ಹಂಗೆಲ್ಲ ಮಾತಾಡ್ಬೇಡ, ಪಾಸಿಟಿವ್ ಆಗಿ ಯೋಚ್ನೆ ಮಾಡು' ಅನ್ನೋ ಮಾತು. ದಯವಿಟ್ಟು ಅದನ್ನ ಅಲ್ಲೇ ತಡೀರಿ. ನಾನು ಒಂದ್ಸಲ ತಡೀಲಿಲ್ಲ. ಕೆಲ್ಸ ಕಳ್ಕೊಂಡಿದ್ದ ಗೆಳೆಯ ರಾತ್ರಿ ಹನ್ನೊಂದೂವರೆಗೆ 'ಬೆಳಿಗ್ಗೆ ಯಾಕೆ ಏಳ್ಬೇಕು ಅಂತಾನೇ ಗೊತ್ತಾಗ್ತಿಲ್ಲ ಕಣೋ' ಅಂತ ಮೆಸೇಜ್ ಹಾಕ್ದ, ನಾನು 'ಎಲ್ಲಾ ಒಳ್ಳೇದಕ್ಕೇ, ನಿನ್ನಂಥೋನು ಹಿಂಗೆ ಕುಗ್ಗಬಾರ್ದು' ಅಂತ ಬರೆದೆ. ಸುಮಾರು ಹೊತ್ತು 'ಟೈಪಿಂಗ್' ಅಂತ ತೋರಿಸ್ತು, ನಿಲ್ತು, ಮತ್ತೆ ತೋರಿಸ್ತು, ಕೊನೆಗೆ ಬಂದಿದ್ದು ಬರೀ ಒಂದು ಹೆಬ್ಬೆರಳಿನ ಇಮೋಜಿ. ಎಷ್ಟೋ ತಿಂಗಳಾದ್ಮೇಲೆ ಅವನೇ ಹೇಳ್ದ, ಅವತ್ತು ಮೂರ್ನಾಲ್ಕು ಸಲ ಬರೆದು ಅಳಿಸಿದ್ನಂತೆ, ನಿನಗೂ ಭಾರ ಆಗ್ತಿದೀನಿ ಅನ್ನಿಸಿ ಸುಮ್ನಾದ್ನಂತೆ.

ಆ 'ಭಾರ' ಅನ್ನೋ ಪದ ಕಿವಿಗೆ ಬಿದ್ರೆ ಹುಷಾರಾಗಿ. ಥಾಮಸ್ ಜಾಯ್ನರ್ ಅನ್ನೋ ಮನಶ್ಶಾಸ್ತ್ರಜ್ಞರು 2005ರಲ್ಲಿ ಮುಂದಿಟ್ಟ ಸಿದ್ಧಾಂತದಲ್ಲಿ ಸಾಯ್ಬೇಕು ಅನ್ನೋ ಆಸೆ ಹುಟ್ಟೋದ್ರ ಹಿಂದೆ ಮುಖ್ಯವಾಗಿ ಎರಡು ಭಾವನೆ ಇರುತ್ತೆ, ನಾನು ಎಲ್ರಿಗೂ ಹೊರೆ ಅನ್ನೋದೊಂದು, ನನಗೆ ಯಾರೂ ಇಲ್ಲ ಅನ್ನೋದಿನ್ನೊಂದು. ತನ್ ಬಗ್ಗೆ ತನಗೇ ಆಗೋ ನಾಚಿಕೆ ಈ ಎರಡನ್ನೂ ಬೆಳೆಸುತ್ತೆ. ತಪ್ಪು ಮಾಡ್ಬಿಟ್ಟೆ ಅನ್ನಿಸಿದೋರು ಹೋಗಿ ಕ್ಷಮೆ ಕೇಳ್ಬಹುದು, ಸರಿಪಡಿಸ್ಬಹುದು, ಆದ್ರೆ ನಾನೇ ಸರಿಯಿಲ್ಲ ಅನ್ನಿಸಿದೋರಿಗೆ ಮುಖ ತೋರ್ಸೋಕೂ ಆಗಲ್ಲ, ಬಚ್ಚಿಟ್ಕೊಳ್ತಾರೆ, ಫೋನ್ ತೆಗಿಯಲ್ಲ, ಕೇಳಿದ್ರೆ 'ಆರಾಮಿದೀನಿ' ಅಂತಾರೆ. ಅಂಥೋರಿಗೆ 'ನಗ್ತಾ ಇರು' ಅಂದ್ರೆ ಏನಾಗುತ್ತೆ ಹೇಳಿ? ಮೊದ್ಲೇ ಇದ್ದ ನೋವಿನ ಜೊತೆಗೆ, ಖುಷಿಯಾಗಿರೋಕೂ ನನ್ ಕೈಲಿ ಆಗ್ತಿಲ್ವಲ್ಲ ಅನ್ನೋ ಇನ್ನೊಂದು ನಾಚಿಕೆ ಸೇರ್ಕೊಳ್ಳುತ್ತೆ. ಜೋಆನ್ ವುಡ್ ಅನ್ನೋ ಮನಶ್ಶಾಸ್ತ್ರಜ್ಞೆ ಮತ್ತೆ ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ ಬಗ್ಗೆ ತಮಗೇ ಕೀಳರಿಮೆ ಇದ್ದೋರು 'ನಾನು ಪ್ರೀತಿಗೆ ಅರ್ಹ ವ್ಯಕ್ತಿ' ಅನ್ನೋ ಥರದ ಮಾತನ್ನ ಮತ್ತೆ ಮತ್ತೆ ಹೇಳ್ಕೊಂಡಾಗ ಹಂಗೆ ಹೇಳ್ಕೊಳ್ಳದ ಅಂಥೋರಿಗಿಂತ ಅವರ ಮನಸ್ಸು ಹೆಚ್ಚು ಕುಗ್ಗಿತ್ತು. ಒಳಗಿನ ದನಿ 'ಸುಳ್ಳು, ಸುಳ್ಳು' ಅಂತಿದ್ರೆ ಆ ಮಾತು ಎಲ್ಲಿ ಇಳಿಯುತ್ತೆ.

ಆತ್ಮಹತ್ಯೆಗೆ ಯಾವತ್ತೂ ಒಂದೇ ಕಾರಣ ಅಂತಿರಲ್ಲ, ಖಿನ್ನತೆ, ಸಾಲ, ಕಾಯಿಲೆ, ಕುಡಿತ, ಹಿಂಸೆ ಎಲ್ಲಾ ಹೆಣ್ಕೊಂಡಿರುತ್ತೆ, ಹಂಗಾಗಿ ಹಿಂದೆ ನೀವೂ ಹೀಗೆ ಹೇಳಿದ್ರೆ ಅದನ್ನೇ ಎದೆಗೆ ಕಟ್ಕೊಂಡು ಕೊರಗ್ಬೇಡಿ. ಇನ್ಮುಂದೆ ಹೀಗೆ ಮಾಡಿ.

ಮೊದ್ಲು ಅವರು ಹೇಳಿದ್ದನ್ನ ಅಷ್ಟೇ ತೂಕದಲ್ಲಿ ಒಪ್ಕೊಳ್ಳಿ. 'ತುಂಬಾ ಕಷ್ಟ ಆಗ್ತಿದೆ ಅಲ್ವಾ, ಹೇಳು, ನಾನು ಕೇಳ್ತೀನಿ.' ಇಷ್ಟು ಸಾಕು. ಬೇರೆಯವರ ಕಷ್ಟದ ಜೊತೆ ಹೋಲಿಸ್ಬೇಡಿ, 'ಅಪ್ಪ ಅಮ್ಮನ್ನ ನೆನೆಸ್ಕೋ' ಅಂತ ಹಂಗಿಸ್ಬೇಡಿ, ಹೊರೆ ಆಗಿದೀನಿ ಅನ್ಕೊಂಡಿರೋ ಜೀವಕ್ಕೆ ಅದು ಇನ್ನೊಂದು ಏಟು. ಮಧ್ಯೆ ಅವರು ಸುಮ್ನಾದ್ರೆ ನೀವೂ ಸುಮ್ನಿರಿ, ಆ ಮೌನ ತುಂಬೋಕೆ ಅಂತಾನೇ ಎಷ್ಟೋ ಉಪದೇಶ ಹುಟ್ಕೊಳ್ಳೋದು.

ಆಮೇಲೆ ನೇರವಾಗಿ ಕೇಳಿ, 'ಸಾಯ್ಬೇಕು ಅಂತ ಅನ್ನಿಸ್ತಿದ್ಯಾ?' ಅಂತ. ಈ ಪ್ರಶ್ನೆಗೆ ಎಲ್ರೂ ಹೆದರ್ತಾರೆ, ಕೇಳಿದ್ರೆ ನಾವೇ ತಲೆಗೆ ಹಾಕಿದಂಗಾಗುತ್ತೆ ಅಂತ. ಹಂಗೇನಿಲ್ಲ, 2014ರಲ್ಲಿ ಬಂದ ಒಂದು ವಿಮರ್ಶಾ ಲೇಖನ ಅಲ್ಲೀವರೆಗಿನ ಅಧ್ಯಯನಗಳನ್ನ ನೋಡಿ, ಕೇಳೋದ್ರಿಂದ ಅಂಥ ಯೋಚ್ನೆ ಜಾಸ್ತಿ ಆಗೋದು ಕಂಡಿಲ್ಲ ಅಂತಾನೇ ಹೇಳ್ತು. 'ಹುಚ್ಚುಚ್ಚಾಗಿ ಏನೂ ಮಾಡ್ಕೊಳಲ್ಲ ತಾನೇ?' ಅಂತ ಮಾತ್ರ ಕೇಳ್ಬೇಡಿ, ಅದಕ್ಕೆ 'ಇಲ್ಲ' ಅನ್ನೋದು ಬಿಟ್ಟು ಬೇರೆ ಉತ್ತರಾನೇ ಇಲ್ಲ.

'ಹೌದು' ಅಂದ್ರೆ ಗಾಬರಿ ಆಗ್ಬೇಡಿ, ಬೈಬೇಡಿ, ಹೇಳಿದ್ದಕ್ಕೆ ಥ್ಯಾಂಕ್ಸ್ ಹೇಳಿ. ಹೇಗೆ, ಯಾವಾಗ ಅಂತ ಏನಾದ್ರೂ ಪ್ಲಾನ್ ಇದ್ಯಾ ಕೇಳಿ. ಇದೆ ಅಂದ್ರೆ ಒಂಟಿಯಾಗಿ ಬಿಡ್ಬೇಡಿ, ಅಪಾಯ ಆಗೋ ವಸ್ತು ಕೈಗೆ ಸಿಗದ ಹಾಗೆ ನೋಡ್ಕೊಳ್ಳಿ, ತಕ್ಷಣ ಆಸ್ಪತ್ರೆಗೆ ಅಥವಾ ಎಮರ್ಜೆನ್ಸಿಗೆ ಕರ್ಕೊಂಡ್ ಹೋಗಿ. ಯಾರಿಗೂ ಹೇಳಲ್ಲ ಅಂತ ಮಾತ್ರ ಆಣೆ ಇಡ್ಬೇಡಿ, ಜೀವದ ವಿಷ್ಯದಲ್ಲಿ ಗುಟ್ಟು ಇಟ್ಕೊಳ್ಳೋಕಾಗಲ್ಲ. ಭಾರತದಲ್ಲಿ ಟೆಲಿ ಮಾನಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ನಂಬರಿಗೆ ಹಗಲು ರಾತ್ರಿ ಯಾವಾಗ್ ಬೇಕಾದ್ರೂ ಉಚಿತವಾಗಿ ಫೋನ್ ಮಾಡ್ಬಹುದು, ಕನ್ನಡದಲ್ಲೇ ಮಾತಾಡ್ಬಹುದು, ಅಮೆರಿಕದಲ್ಲಾದ್ರೆ 988. 'ನೀನೇ ಮಾಡ್ಕೋ' ಅಂತ ನಂಬರ್ ಫಾರ್ವರ್ಡ್ ಮಾಡಿ ಬಿಡೋದಕ್ಕಿಂತ ಪಕ್ಕದಲ್ಲಿ ಕೂತು ಡಯಲ್ ಮಾಡ್ಕೊಡಿ, ನಾಚಿಕೆಯಲ್ಲಿ ಮುಳುಗಿರೋರಿಗೆ ಆ ಒಂದು ಕಾಲ್ ಬೆಟ್ಟ ಹತ್ತಿದಷ್ಟು ಕಷ್ಟ.

ಇದನ್ನ ಓದ್ತಿರೋ ನಿಮಗೇ ಹೀಗೆಲ್ಲ ಆಗ್ತಿದ್ರೆ, ನಗೋಕೆ ಆಗ್ತಿಲ್ಲ ಅನ್ನೋದು ನಿಮ್ ತಪ್ಪಲ್ಲ. ಚೆನ್ನಾಗಿ ವಿವರಿಸಿ ಹೇಳ್ಬೇಕು ಅಂತೇನಿಲ್ಲ, 'ನಂಗೆ ಸರಿಯಿಲ್ಲ, ಸ್ವಲ್ಪ ಜೊತೇಲಿ ಇರ್ತೀಯಾ' ಅಂತ ಒಬ್ರಿಗೆ ಕಳ್ಸಿ. ಅವರು ಉಪದೇಶ ಶುರು ಮಾಡಿದ್ರೆ ಇನ್ನೊಬ್ರಿಗೆ ಕಳ್ಸಿ, ಅಥವಾ ಮೇಲಿನ ನಂಬರಿಗೆ ಮಾಡಿ.

ಮತ್ತೆ ಜೊತೆಗಿರೋರು ಒಂದ್ ರಾತ್ರಿ ಮಾತಾಡಿ ಮುಗೀತು ಅನ್ಕೋಬೇಡಿ. ಜೆರೋಮ್ ಮೋಟೊ ಅನ್ನೋ ಅಮೆರಿಕದ ಮನೋವೈದ್ಯರು, ಆಸ್ಪತ್ರೆಯಿಂದ ಹೋದ್ಮೇಲೆ ಮುಂದಿನ ಚಿಕಿತ್ಸೆ ಬೇಡ ಅಂದಿದ್ದ 843 ಜನರಲ್ಲಿ ಒಂದು ಗುಂಪಿಗೆ ವರ್ಷಗಟ್ಟಲೆ ಚಿಕ್ಕ ಚಿಕ್ಕ ಕಾಗದ ಕಳಿಸ್ತಿದ್ರು, ಬುದ್ಧಿಮಾತಿಲ್ಲ, ಬೇಡಿಕೆ ಇಲ್ಲ, ಹೇಗಿದೀರಿ ಅಂತ ಅಷ್ಟೇ. ಮೊದಲ 2 ವರ್ಷ ಆ ಗುಂಪಲ್ಲಿ ಆತ್ಮಹತ್ಯೆ ಕಮ್ಮಿ ಇತ್ತು ಅಂತ 2001ರ ವರದಿಯಲ್ಲಿದೆ. ನಿಮ್ ಕೈಲಿ ಫೋನಿದೆ. ಎರಡ್ ದಿನ ಬಿಟ್ಟು ಒಂದು ಸಾಲು ಹಾಕಿ, 'ನೆನಪಾಯ್ತು, ರಿಪ್ಲೈ ಮಾಡ್ಲೇಬೇಕು ಅಂತೇನಿಲ್ಲ.' ವಾರ ಬಿಟ್ಟು ಮತ್ತೊಂದು ಹಾಕಿ.