ಸೌತಾಲ್‌ನ ಮದುವೆ ಹಾಲ್‌ನಲ್ಲಿ ಪಳಗಿದ ಕೈ

ವಾರವಿಡೀ ಸಾಫ್ಟ್‌ವೇರ್ ಕೆಲಸ, ಶನಿವಾರ ಭಾನುವಾರ ಮದುವೆ ಹಾಲ್. ಲಂಡನ್ನಿನಲ್ಲಿ ಪಂಜಾಬಿ ಹಾಡುಗಳಿಗೆ ತಾಳ ಹಾಕುವ ನನ್ನಂಥವರ ಬದುಕು ಇಷ್ಟೇ. ನಾನು ಧಾರವಾಡದಲ್ಲಿ ತಬಲಾ ಕಲಿತವನು. ಭಾವಗೀತೆಗಳಿಗೆ ಎಂಟು ಮಾತ್ರೆಯ ಕೆಹರವಾ ತಾಳ ನುಡಿಸಿ ನುಡಿಸಿ ಕೈ ಸವೆದಿತ್ತು. ಲಂಡನ್ನಿನ ಪಂಜಾಬಿಗಳ ಬಡಾವಣೆ ಸೌತಾಲ್‌ನಲ್ಲಿ ನುಡಿಸತೊಡಗಿದಾಗ, ಒಂದು ಹಾಡು ಮುಗಿಯುತ್ತಲೇ ಪಕ್ಕದ ಕೀಬೋರ್ಡ್‌ನವರು ಮೆಲ್ಲಗೆ ಹೇಳಿದ್ದರು: "ಪಾಜೀ, ಕೈ ಬಹಳ ಚೆಂದ. ಆದರೆ ಕುರ್ಚಿ ಬಿಟ್ಟು ಯಾರೂ ಏಳ್ತಿಲ್ಲವಲ್ಲ!"

ಪಂಜಾಬಿ ಕುಣಿತದ ಸಂಗೀತವಾದ ಭಾಂಗ್ಡಾದ ಮೂಲ ತಾಳ 'ಚಾಲ್' ಕೂಡ ಎಂಟು ಪೆಟ್ಟಿನದೇ: ಧಾ ನ ನ ನ, ನ ಧಾ ಧಾ ನ. ಗುಟ್ಟಿರುವುದು ಪೆಟ್ಟುಗಳ ನಡುವಿನ ಅಂತರದಲ್ಲಿ. ಪ್ರತಿ ಜೋಡಿಯ ಎರಡನೆಯ ಪೆಟ್ಟು ಚೂರು ತಡವಾಗಿ ಬೀಳಬೇಕು, ಆದರೆ ಪೂರಾ ತಿಶ್ರ, ಅಂದರೆ ಮೂರು ಪಾಲಿನ ನಡೆ, ಆಗಬಾರದು. ಇದನ್ನು ಕಿವಿಗೆ ಹಾಕಿಕೊಳ್ಳಲು ನಾನು ಹಿಡಿದದ್ದು ಇಲ್ಲಿನ ತಬಲಾ ವಾದಕ, ಸಂಗೀತ ಸಂಯೋಜಕ ಕುಲ್ಜಿತ್ ಭಾಮ್ರಾ ಅವರ ಧ್ವನಿಮುದ್ರಣಗಳನ್ನು.

ನೈರೋಬಿಯಲ್ಲಿ ಹುಟ್ಟಿ ಸೌತಾಲ್‌ನಲ್ಲಿ ಬೆಳೆದ ಭಾಮ್ರಾ, ತಬಲಾವನ್ನು ತಾವೇ ಕಲಿತವರು. ತಾಯಿ ಮೊಹಿಂದರ್ ಕೌರ್ ಭಾಮ್ರಾ ಗುರುದ್ವಾರಗಳಲ್ಲೂ ಮದುವೆಗಳಲ್ಲೂ ಹಾಡುತ್ತಿದ್ದರು. ಮಗ ಹುಡುಗನಾಗಿದ್ದಾಗಲೇ ಅವರ ಪಕ್ಕ ಕೂತು ನುಡಿಸಿದ. ಹೆಂಗಸರು ಒಂದು ಬದಿ, ಗಂಡಸರು ಒಂದು ಬದಿ ಕೂರುತ್ತಿದ್ದ ಕಾಲದಲ್ಲಿ ಹೆಂಗಸರನ್ನೂ ಕುಣಿಯಲು ಎಬ್ಬಿಸಿದ ಗಾಯಕಿ ಆಕೆ. ಮಗ ಓದಿ ಸಿವಿಲ್ ಎಂಜಿನಿಯರ್ ಆದರು, ಆಮೇಲೆ ಪೂರ್ತಿ ಸಂಗೀತಕ್ಕೆ ಬಂದರು. ನನಗಿನ್ನೂ ಆ ಧೈರ್ಯ ಬಂದಿಲ್ಲ, ಮನೆಸಾಲ ಬಿಡಬೇಕಲ್ಲ.

1982ರಲ್ಲಿ ತಾಯಿ ಹಾಡಿ, ಮಗ ಸಂಗೀತ ಕೂಡಿಸಿದ 'ಪಂಜಾಬಿ ಡಿಸ್ಕೊ' ಆಲ್ಬಮ್‌ನಲ್ಲಿ ರೋಲ್ಯಾಂಡ್ ಕಂಪನಿಯ ಡ್ರಮ್ ಮೆಷಿನ್, ಸಿಂಥಸೈಜರ್‌ಗಳಿವೆ. ಮನೆಯ ಸ್ಟುಡಿಯೋದಲ್ಲಿ ಅಂಥದೊಂದು ಹಾಡು ಕಟ್ಟಲು ಕೂತಾಗ ಮೆಷಿನ್‌ನ ತಾಳ ಹಾಕಿಕೊಂಡು ಅದರ ಮೇಲೆ ಢೋಲಕ್ ನುಡಿಸಿ ನೋಡಿದೆ. ಕೈ ಮೆಷಿನ್‌ನ ಹಿಂದೆ ಓಡುತ್ತಿತ್ತು, ಹಾಡು ಕೋಲು ನುಂಗಿದಂತೆ ನಿಂತಿತ್ತು. ಈಗ ಕ್ರಮ ತಿರುಗಿಸಿದ್ದೇನೆ. ಲಯ ತೋರಿಸುವ ಬರೀ ಕ್ಲಿಕ್ ಸದ್ದು ಕೇಳುತ್ತ ಢೋಲಕ್ ಮೊದಲು ರೆಕಾರ್ಡ್ ಮಾಡುತ್ತೇನೆ, ಅದರಿಂದ ಪೆಟ್ಟುಗಳ ಅಂತರದ ಮಾದರಿ, ಅಂದರೆ ಗ್ರೂವ್, ತೆಗೆದು ಡ್ರಮ್ ಮೆಷಿನ್‌ಗೆ ಹಚ್ಚುತ್ತೇನೆ. ಎರಡನೆಯ ಪೆಟ್ಟು ಎಷ್ಟು ತಡವಾಗಬೇಕೆಂದು ಹೇಳುವ ಸ್ವಿಂಗ್ ನಾಬ್‌ನಲ್ಲಿ 50 ಅಂದರೆ ನೇರ ನಡೆ, 66 ಅಂದರೆ ತಿಶ್ರ. ನನ್ನ ಕೈ ಎರಡರ ಮಧ್ಯೆ ಓಲಾಡುತ್ತದೆ, ವೇಗ ಏರಿದಂತೆ 50ರ ಕಡೆಗೆ ವಾಲುತ್ತದೆ. ಇಡೀ ಹಾಡಿಗೆ ಒಂದೇ ಅಂಕಿ ಇಟ್ಟರೆ ಅದು ಸತ್ತಂತೆ ಕೇಳುತ್ತದೆ.

ಇನ್ನೊಂದು ತಕರಾರು ಕೆಳಸ್ವರದ್ದು. ಢೋಲಕ್‌ನ ದೊಡ್ಡ ಬದಿಯ ಚರ್ಮಕ್ಕೆ ಒಳಗಿನಿಂದ 'ಮಸಾಲಾ' ಎಂಬ ಅಂಟು ಲೇಪ ಮೆತ್ತಿರುತ್ತಾರೆ. ಅಂಗೈ ಬುಡ ಒತ್ತಿ ಜಾರಿಸಿದರೆ ನಾದ 'ಗೂಂ' ಎಂದು ಏರುತ್ತದೆ. ಅದೇ ಹೊತ್ತಿಗೆ ಸಿಂಥ್ ಬೇಸ್ ಒಂದು ಸ್ವರ ಹಿಡಿದು ನಿಂತರೆ ಎರಡೂ ಕಲಸಿಹೋಗುತ್ತವೆ. ಹಾಗಾಗಿ ಬೇಸ್‌ನ ಸ್ವರಗಳನ್ನು ಗಿಡ್ಡ ಮಾಡಿ, ಆ ಜಾರು ಬರುವ ಜಾಗ ಖಾಲಿ ಬಿಡುತ್ತೇನೆ. ಸ್ವರಗಳ ಏರುತಗ್ಗು ಸರಿಪಡಿಸುವ ಈಕ್ವಲೈಜರ್ ಮುಟ್ಟುವುದು ಆಮೇಲೆ.

ತಬಲಾದ ಬೋಲ್‌ಗಳನ್ನು (ಪೆಟ್ಟುಗಳ ಹೆಸರುಗಳನ್ನು) ಪಾಶ್ಚಾತ್ಯರಂತೆ ಗೆರೆಗಳ ಮೇಲೆ ಬರೆಯುವ ಲಿಪಿಯೊಂದನ್ನೂ ಭಾಮ್ರಾ ರೂಪಿಸಿದ್ದಾರೆ. ಬಾಯಲ್ಲಿ ಹೇಳಿಸಿ ಕಲಿಸಿದ ಗುರುಗಳ ಶಿಷ್ಯನಾದ ನನಗೆ ಮೊದಲು ಇದು ಹಿಡಿಸಲಿಲ್ಲ. ಇಲ್ಲಿನ ವಾದ್ಯವೃಂದವೊಂದರ ಜೊತೆ ಕೂತಾಗ, "43ನೇ ಬಾರ್‌ನಿಂದ ಮತ್ತೆ" ಅಂದರು ಕಂಡಕ್ಟರ್. ಅಲ್ಲಿ ಸಮ್, ಅಂದರೆ ತಾಳದ ಮೊದಲ ಪೆಟ್ಟು, ಹುಡುಕುತ್ತ ಕೂರಲಾದೀತೇ? ಲಂಡನ್ನಿನ ವೆಸ್ಟ್ ಎಂಡ್‌ನಲ್ಲಿ 2002ರಲ್ಲಿ ಆರಂಭವಾದ ಎ. ಆರ್. ರೆಹಮಾನ್ ಸಂಗೀತದ 'ಬಾಂಬೆ ಡ್ರೀಮ್ಸ್' ಸಂಗೀತ ನಾಟಕದಲ್ಲಿ ಭಾಮ್ರಾ ನುಡಿಸಿದವರು. ಆ ಲಿಪಿಯ ಗರಜು ಎಲ್ಲಿಂದ ಬಂತೆಂಬುದು ನನಗೆ ಆ ವಾದ್ಯವೃಂದದ ಜೊತೆ ಕೂತ ದಿನ ಅರ್ಥವಾಯಿತು. 2009ರಲ್ಲಿ ಅವರಿಗೆ ಬ್ರಿಟನ್ನಿನ ಎಂಬಿಇ ಗೌರವವೂ ಸಂದಿತು.

ಹಾಲ್‌ಗೆ ಹೋಗುವವರಿಗೆ ಒಂದು ಮಾತು. ಚಳಿಗಾಲದಲ್ಲಿ ಕಾರಿನ ಡಿಕ್ಕಿ ತಣ್ಣಗೆ, ಹಾಲ್‌ನ ಒಳಗೆ ಹೀಟರ್ ಉರಿಯುತ್ತಿರುತ್ತದೆ. ಚರ್ಮ ಒಣಗಿ ಬಿಗಿಯುತ್ತಾ ಶ್ರುತಿ ಏರುತ್ತದೆ. ಬೇಗ ಹೋಗಿ ಢೋಲಕ್‌ನ ಚೀಲ ಬಿಚ್ಚಿಡಿ, ಅರ್ಧ ಗಂಟೆ ಕಳೆದ ಮೇಲೆ ಶ್ರುತಿ ಮಾಡಿ. ಗಾಯಕರು ಕೊನೇ ಗಳಿಗೆಯಲ್ಲಿ ಅರ್ಧ ಸ್ವರ ಮೇಲೆ ಹೋಗೋಣ ಅನ್ನುವುದು ಇದ್ದದ್ದೇ, ಅದಕ್ಕೆ ಇನ್ನೊಂದು ಢೋಲಕ್ ಜೊತೆಗಿರಲಿ.